ನಳ ಬಂದ ಶುಕ್ರವಾರ

ದಾಕ್ಷಾಯಿಣಿಗೆ ಮಾತು ಬರುತ್ತಿರಲಿಲ್ಲವೆಂದಲ್ಲ. ಬಿ.ಕಾಂ. ಮುಗಿಸಿದ ಹುಡುಗಿ, ಕನ್ನಡ, ಇಂಗ್ಲಿಷು ಎರಡನ್ನೂ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದಳು. ಆದರೆ ಆಡಬೇಕಾದ ಮಾತು ಮಾತ್ರ ಗಂಟಲಿನ ತನಕ ಬಂದು, ಹೊರಗೆ ಕಾಲಿಡಲೋ ಬೇಡವೋ ಎಂದು ಹೊಸ ಸೊಸೆಯ ಹಾಗೆ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ಅದು ಧೈರ್ಯ ಮಾಡುವಷ್ಟರಲ್ಲಿ ಎದುರಿನವರು ಬೇರೆ ಸುದ್ದಿಗೆ ಹೋಗಿರುತ್ತಿದ್ದರು. ಹುಬ್ಬಳ್ಳಿ ಕೇಶ್ವಾಪುರದ ಆ ಓಣಿಯ ಹೆಂಗಸರು ಅವಳನ್ನು ಮೂಕಬಸವಿ ಎನ್ನುತ್ತಿದ್ದರು, ಪ್ರೀತಿಯಿಂದಲೇ.

ಅಂಥ ಮೂಕಬಸವಿಯ ಪಾಲಿನ ಮಾತನ್ನೆಲ್ಲ ಸಾಲೆಯ ದಿನಗಳಿಂದಲೂ ಆಡಿಕೊಟ್ಟವಳು ಬಾಜೂಮನೆಯ ಸಿತಾರಾ. ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟಿದ್ದ ಹುಸೇನಬಾಷಾನ ಒಬ್ಬಳೇ ಮಗಳು, ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು. ಟೀಚರು ಹಾಜರಿ ಕೂಗಿದಾಗ ದಾಕ್ಷಾಯಿಣಿಯ ದನಿ ಮೇಜಿನ ತನಕ ಮುಟ್ಟುತ್ತಿರಲಿಲ್ಲ. "ಅಕಿ ಅದಾಳ್ರಿ ಟೀಚರ್, ನನ್ನ ಬಾಜೂಕ ಅದಾಳ" ಎಂದು ಸಿತಾರಾ ಕೂಗುತ್ತಿದ್ದಳು. ಗೈರುಹಾಜರಿ ಬೀಳದೆ ದಾಕ್ಷಾಯಿಣಿ ಹತ್ತನೆಯ ಇಯತ್ತೆ ದಾಟಿದ್ದು ಹಾಗೆ.

ತೊಂಬತ್ತರ ದಶಕದ ನಡುವೆ ಸಿತಾರಾಳ ಮಾಮಾ ಮುಂಬಯಿಯಿಂದ ಟೀವಿಗೆ ಹಚ್ಚುವ ವಿಡಿಯೋ ಗೇಮು ತಂದುಕೊಟ್ಟಿದ್ದ. ಕ್ಯಾಸೆಟ್ಟಿನ ಬಾಯಿಗೆ ಉಫ್ ಉಫ್ ಎಂದು ಊದಿ ಹಾಕಿದರೆ ನಡೆಯುತ್ತಿತ್ತು, ಇಲ್ಲವಾದರೆ ಇಲ್ಲ. ರಜೆಯ ಮಧ್ಯಾಹ್ನಗಳಲ್ಲಿ ಇಬ್ಬರೂ ಚಾಪೆಯ ಮೇಲೆ ಭುಜಕ್ಕೆ ಭುಜ ಹಚ್ಚಿ ಕುಳಿತು ಗಾಡಿ ಓಡಿಸುತ್ತಿದ್ದರು. ಆಗ ಯಾರೂ ದಾಕ್ಷಾಯಿಣಿಯಿಂದ ಮಾತು ಕೇಳುತ್ತಿರಲಿಲ್ಲ. ಕೈಯಲ್ಲಿ ರಿಮೋಟು, ಕಣ್ಣು ಟೀವಿಯಲ್ಲಿ, ಬಾಜೂಕೆ ಸಿತಾರಾಳ ಉಸಿರು, ಅಷ್ಟೇ. ಸಿತಾರಾ ಯಾವಾಗಲೂ ಮುಂದೆ ಹೋಗಿರುತ್ತಿದ್ದಳು. ಆದರೆ ಮುಗಿಯುವ ಗೆರೆಯ ಮುಂದೆ ಗಾಡಿ ನಿಲ್ಲಿಸಿ ಕಾಯುತ್ತಿದ್ದಳು.

"ಬಾರಲೇ, ಲಗೂ ಬಾ. ಒಬ್ಬಾಕಿನ ಗೆದ್ದು ಏನ ಮಾಡ್ಲಿ?"

ಆಮೇಲೆ ಸಿತಾರಾಳ ನಿಕಾ ಆಯಿತು, ಗಂಡ ನೌಕರಿಯ ಮೇಲಿದ್ದ ಅರಬರ ನಾಡಿನ ದಮ್ಮಾಮಿಗೆ ಹೋದಳು. ಶುಕ್ರವಾರಕ್ಕೊಮ್ಮೆ ಫೋನು ಬರುತ್ತಿತ್ತು. ಫೋನೆಂದರೆ ಬರೇ ಮಾತು. ಭುಜ ಇಲ್ಲ, ಉಸಿರೂ ಸರಿಯಾಗಿ ಕೇಳುವುದಿಲ್ಲ. ದಾಕ್ಷಾಯಿಣಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು.

"ಏನರ ಹೇಳಲೇ ದಾಕ್ಷಾ."

"ಏನ ಹೇಳ್ಲಿ... ಛಲೋ ಅದೇನಿ."

"ಮತ್ತ?"

"ಮತ್ತೇನಿಲ್ಲ."

ಎರಡು ಸಾವಿರದ ಒಂಬತ್ತರ ಆರಂಭದಲ್ಲಿ ಸಿತಾರಾ ಬಸಿರಾದಳು. ಹಿಂದೆ ಒಂದು ಕೂಸು ನಿಲ್ಲದೆ ಹೋಗಿತ್ತು. ಈ ಸಲ ಹಾಸಿಗೆ ಬಿಟ್ಟು ಏಳಬೇಡವೆಂದು ಡಾಕ್ಟರು ಕಟ್ಟಾಜ್ಞೆ ಮಾಡಿದ್ದರು. ಗಂಡ ಫ್ಯಾಕ್ಟರಿಗೆ ಹೋದರೆ ಕತ್ತಲಾದ ಮೇಲೆ ಬರುವುದು. ಅತ್ತೆಗೆ ವೀಸಾ ಸಿಕ್ಕಿರಲಿಲ್ಲ.

"ನಿನ್ನ ಕೂಡ ಫೋನಿನ್ಯಾಗ ಮಾತಾಡೂದಂದ್ರ ಗ್ವಾಡಿ ಕೂಡ ಮಾತಾಡಿದಂಗ" ಎಂದು ಆರು ತಿಂಗಳು ತುಂಬಿದ ಮೇಲೆ ಒಂದು ಶುಕ್ರವಾರ ಸಿತಾರಾ ನಕ್ಕಳು. "ಗ್ವಾಡಿ ಇಲ್ಲೂ ಐತಿ, ಎದುರಿಗೇ. ದಿನಾ ಅದನ್ನ ನೋಡಾಕತ್ತೇನಿ." ನಗುತ್ತ ನಗುತ್ತಲೇ ದನಿ ಒಡೆಯಿತು. "ಮಾತಾಡಬ್ಯಾಡ ಬಿಡು. ಮದ್ಲಿನಂಗ ಸುಮ್ನ ನನ್ನ ಬಾಜೂಕ ಕುಂದ್ರಾಕರ ಬರ್ತೈತೇನು ನಿಂಗ?"

ದಾಕ್ಷಾಯಿಣಿ "ಹೂಂ" ಎಂದಳು. ಹೇಗೆ ಎಂದು ಗೊತ್ತಿಲ್ಲದೆಯೇ.

ಹೇಗೆಂಬುದು ಸಿತಾರಾಳಿಗೆ ಗೊತ್ತಿತ್ತು. ಕೆಲವು ವಾರಕ್ಕೆ ಹುಸೇನಬಾಷಾ ಒಂದು ಡಬ್ಬಿಯನ್ನು ಚಾದರಿನಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು ಬಂದ. "ತಗೋವಾ ದಾಕ್ಷವ್ವ. ದಮ್ಮಾಮಿನಿಂದ ನಮ್ಮವರೊಬ್ಬರು ಊರಿಗೆ ಬಂದ್ರು. ನನಗ ಬೆರಳಷ್ಟು ಅತ್ತರಿನ ಬಾಟ್ಲಿ, ನಿನಗ ಇಷ್ಟ ದೊಡ್ಡ ಡಬ್ಬಿ. ಅಕಿ ಯಾರ ಮಗಳಂತ ನನಗ ತಿಳೀವಲ್ದು."

ಒಳಗಿದ್ದದ್ದು ಬಿಳಿ ಬಣ್ಣದ ವಿಡಿಯೋ ಗೇಮು. ಅಂಥದೇ ಇನ್ನೊಂದು ಸಿತಾರಾಳ ಹಾಸಿಗೆಯ ಎದುರಿಗಿತ್ತು. ಇಂಟರ್ನೆಟ್ಟಿಗೆ ಹಚ್ಚಿದರೆ ಅವಳು ಅಲ್ಲಿ, ಇವಳು ಇಲ್ಲಿ, ಗಾಡಿಗಳೆರಡೂ ಒಂದೇ ರಸ್ತೆಯ ಮೇಲೆ. ಆದರೆ ಆ ಡಬ್ಬಿಗೆ ಇಂಟರ್ನೆಟ್ಟಿನ ವಾಯರು ಚುಚ್ಚಲು ತೂತೇ ಇರಲಿಲ್ಲ. ಗಾಳಿಯ ಮೇಲೆ ಬಂದರೆ ಮಾತ್ರ ಹಿಡಿಯುತ್ತಿತ್ತು.

ಮನೆಯ ಇಂಟರ್ನೆಟ್ಟು ಇದ್ದದ್ದು ಪಡಸಾಲೆಯಲ್ಲಿ. ಹತ್ತಿ ವ್ಯಾಪಾರದ ಗುರುಸಿದ್ದಯ್ಯ, ದಾಕ್ಷಾಯಿಣಿಯ ಅಪ್ಪ, ದರ ನೋಡಲೆಂದು ಹಾಕಿಸಿಕೊಂಡದ್ದು. ಗೋಡೆಯ ಕಪಾಟಿಗೆ ಕೂಡಿಸಿದ ಟೀವಿ ಇದ್ದದ್ದು ಒಳಗಿನ ಕೋಣೆಯಲ್ಲಿ. ನಡುವೆ ಒಂದು ಉದ್ದನೆಯ ಸಂದಿ. ಆ ಸಂದಿ ಈರವ್ವನ ರಾಜ್ಯ.

ಈರವ್ವ ಗುರುಸಿದ್ದಯ್ಯನ ತಾಯಿ, ದಾಕ್ಷಾಯಿಣಿಗೆ ಆಯಿ. ಹುಬ್ಬಳ್ಳಿಯಲ್ಲಿ ನಳ ಬರುವುದು ವಾರಕ್ಕೊಮ್ಮೆ, ಅದೂ ಅದರ ಮರ್ಜಿ. ಹೀಗಾಗಿ ವಾರದ ಸಂಸಾರವೆಲ್ಲ ಆ ಸಂದಿಯಲ್ಲಿ ಕೈಕಟ್ಟಿ ನಿಂತಿರುತ್ತಿತ್ತು: ಎದೆಯೆತ್ತರದ ನೀಲಿ ಡ್ರಮ್ಮುಗಳು, ಅವುಗಳ ಮಗ್ಗುಲಿಗೆ ಮುತ್ತಜ್ಜಿಯ ಕಾಲದ ತಾಮ್ರದ ಹಂಡೆ, ಮೇಲಿನ ಕಟ್ಟಿಗೆಯ ಮಾಡದಲ್ಲಿ ಸಾಲಾಗಿ ಸ್ಟೀಲಿನ ಕೊಡ, ಅವುಗಳ ತಲೆಯ ಮೇಲೆ ಚರಿಗೆ. ಯಾವುದು ಕುಡಿಯುವುದಕ್ಕೆ, ಯಾವುದು ಪೂಜೆಗೆ, ಯಾವುದು ಅರಿವೆ ಒಗೆಯುವುದಕ್ಕೆ, ಎಲ್ಲ ಆಯಿಯ ಬಾಯಲ್ಲಿ. ಅಡುಗೆಮನೆ ಪಕ್ಕದಲ್ಲೇ ಇದ್ದದ್ದರಿಂದ ಅವಳ ಹಾಳಾದ ಮೊಣಕಾಲಿಗೆ ಅದೊಂದು ಅನುಕೂಲ. ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟರೆ ನೀರು.

ಮೊದಲು ಮೋಡೆಮ್ ಬದಲಾಗಬೇಕಿತ್ತು. ಫೋನಿನ ಆಫೀಸಿನಿಂದ ವಿನೋದನೆಂಬ ತರುಣ ಬಂದು, ಕೋಡು ಮೂಡಿದ ಕರುವಿನಂಥ ಹೊಸ ಡಬ್ಬಿಯನ್ನು, ಫೋನಿನ ವಾಯರು ಮುಟ್ಟುವಷ್ಟೇ ದೂರಕ್ಕೆ, ಪಡಸಾಲೆಯ ಫೋನಿನ ಮೇಜಿನ ಮೇಲೆ ಇಟ್ಟ. ಗುರುಸಿದ್ದಯ್ಯನಿಗೆ ನಂಬಿಕೆಯಾಗಲಿಲ್ಲ.

"ವಾಯರಿಲ್ದ ಒಳಗ ಹೆಂಗ ಹೋಗ್ತೈತ್ರಿ ಇದು?"

ವಿನೋದ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಆಯಿಯ ಉತ್ತರ ಬಂತು. "ನನ್ನ ರೇಡಿಯೋಕ್ಕ ಯಾವ ವಾಯರ್ ಐತೋ? ದಿನಾ ಮುಂಜಾನೆ ಧಾರವಾಡದಿಂದ ವಚನ ಕೇಳಸ್ತಾವಲ್ಲ, ಅವೇನು ಬಸ್ ಹತ್ತಿ ಬರ್ತಾವೇನು?"

ಆ ರೇಡಿಯೋ ಒಂದು ಪ್ರತ್ಯೇಕ ಕಥೆ. ಅಡುಗೆಮನೆಯ ಕಿಡಕಿಯಲ್ಲಿ ಅದರ ಜಾಗ. ಯಾರಾದರೂ ಒರೆಸುವಾಗ ಎತ್ತಿ ಸಂದಿಯ ಕಡೆಗೆ, ಹಂಡೆಯ ಹಿಂದೆ ಇಟ್ಟರೋ, ವಚನ ಹೋಗಿ ಗೊರಗೊರ ಶುರು. "ಹಂಡೆ ಹಿಂದ ಇಡಬ್ಯಾಡ್ರಿ ಅಂತ ನೂರು ಸಲ ಹೇಳೇನಿ" ಎಂದು ಆಯಿ ಮತ್ತೆ ಅದನ್ನು ಕಿಡಕಿಗೆ ತಂದು ಇಡುತ್ತಿದ್ದಳು. ಮನೆಯಲ್ಲಿ ಎಲ್ಲರೂ ಕೇಳಿ ಕೇಳಿ ಸವೆದುಹೋದ ಬೈಗುಳ ಅದು.

"ಪಾಸ್‌ವರ್ಡ್ ಏನ ಇಡ್ಲಿರಿ ಅಯ್ಯನವರ?" ಎಂದ ವಿನೋದ.

"ನಮಃ ಶಿವಾಯ ಅಂತ ಇಡು."

"ಒಂದರ ಅಂಕಿ ಬೇಕ್ರಿ ಅದರಾಗ."

"ಪಂಚಾಕ್ಷರಿ ಅಲ್ಲೇನೋ ತಮ್ಮಾ" ಎಂದಳು ಆಯಿ, "ಮುಂದ ಐದು ಹಾಕು." ಅವನು ಹೋದ ಮೇಲೆ ಮೋಡೆಮಿಗೂ ಬಿಳಿ ಡಬ್ಬಿಗೂ ಮೂರು ಬೆರಳಿನ ವಿಭೂತಿ ಎಳೆದಳು. ಹೊಸದೇನೇ ಮನೆಗೆ ಬಂದರೂ ಆ ಮನೆಯ ರೀತಿ ಅದು. ಫ್ರಿಜ್ಜಿನ ಹಣೆಯ ಮೇಲೂ ಇತ್ತು.

ಉಳಿದದ್ದನ್ನು ದಾಕ್ಷಾಯಿಣಿ ತಾನೇ ಮಾಡಿದಳು. ಇಂಗ್ಲಿಷಿನ ಪುಸ್ತಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ರಿಮೋಟನ್ನು ಟೀವಿಯ ಕಡೆ ಗುರಿ ಹಿಡಿದು, ಒಂದೊಂದೇ ಅಕ್ಷರ ಕುಟ್ಟಿ ನಮಃ ಶಿವಾಯವನ್ನು ಒಳಗೆ ಕಳಿಸಿದಳು. ಡಬ್ಬಿ ಒಂದಿಷ್ಟು ಹೊತ್ತು ಯೋಚಿಸಿ, ಆಗಲಿ ಎಂದಿತು. ಇನ್ನು ಒಬ್ಬರ ಡಬ್ಬಿಯ ಗುರುತಿನ ಸಂಖ್ಯೆಯನ್ನು ಇನ್ನೊಬ್ಬರ ಡಬ್ಬಿಗೆ ಹೇಳಿಕೊಡಬೇಕು. ಉದ್ದನೆಯ ಸಂಖ್ಯೆ. ಅದನ್ನು ಅವಳು ಫೋನಿನಲ್ಲಿ ತಡವರಿಸದೆ ಓದಿ ಹೇಳಿದಾಗ ಆ ಕಡೆಯಿಂದ ಸಿತಾರಾ ಸೀಟಿ ಹೊಡೆದಳು. "ಯವ್ವಾ! ನಿನ್ನ ಬಾಯಾಗಿಂದ ಇಷ್ಟು ಮಾತು ಒಮ್ಮೆಲೇ ಬಂದದ್ದು ಇದ ಮದ್ಲ ನೋಡು."

ಅವತ್ತು ಸಂಜೆ ರಸ್ತೆಯ ಮೇಲೆ ಕೆಂಪು ಗಾಡಿಯೊಂದು ಬಂದು ಇವಳ ಹಸಿರು ಗಾಡಿಯ ಬಾಜೂಕೆ ನಿಂತಿತು. ಮಾತಿಲ್ಲ, ಕಥೆಯಿಲ್ಲ. ಕೆಂಪು ಗಾಡಿ ಸುಮ್ಮನೆ ಒಮ್ಮೆ ಎಡಕ್ಕೂ ಬಲಕ್ಕೂ ಓಲಾಡಿತು, ಸಿತಾರಾ ಚಾಪೆಯ ಮೇಲೆ ಕುಳಿತು ಓಲಾಡುತ್ತಿದ್ದ ಹಾಗೆಯೇ. ದಾಕ್ಷಾಯಿಣಿ ತನಗೆ ಗೊತ್ತಿಲ್ಲದಂತೆ ಚಾಪೆಯ ಮೇಲೆ ಒಂದಿಷ್ಟು ಸರಿದು ಬಾಜೂಕೆ ಜಾಗ ಮಾಡಿಕೊಟ್ಟಳು.

ಆ ಸುಖ ಎರಡು ದಿನ ನಡೆಯಿತು. ಮೂರನೆಯ ದಿನ ಆಟದ ನಡುವೆ ಕೆಂಪು ಗಾಡಿ ಮಾಯವಾಗಿ, ಸಂಪರ್ಕ ಕಡಿದಿದೆಯೆಂಬ ಇಂಗ್ಲಿಷು ಸಾಲು ಬಂತು. ಮರುದಿನವೂ ಅದೇ. ಪಡಸಾಲೆಯಲ್ಲಿ ಅಪ್ಪನ ಕಂಪ್ಯೂಟರು ಮಾತ್ರ ಹತ್ತಿಯ ದರವನ್ನು ಚೆನ್ನಾಗಿಯೇ ತೋರಿಸುತ್ತಿತ್ತು.

"ಮತ್ತ ಆಟದ ನಡುಕ ಬಿಟ್ಟು ಹೋದ್ಯಲ್ಲಲೇ" ಎಂದಳು ಸಿತಾರಾ ಫೋನಿನಲ್ಲಿ. ತಮಾಷೆಗೆ ಅಂದದ್ದೇ, ಆದರೆ ದಾಕ್ಷಾಯಿಣಿಗೆ ಅವತ್ತು ಊಟ ಸೇರಲಿಲ್ಲ.

ಅವಳು ಫೋನಿನ ಆಫೀಸಿಗೆ ದೂರು ಕೊಟ್ಟಳು. ಅಲ್ಲಿ ದೂರಿನ ಪಾಳಿ ಬರಲು ನಾಲ್ಕೈದು ದಿನವಂತೂ ಬೇಕು. ವಿನೋದ ಬಂದ ದಿನ ಎಲ್ಲ ಸರಿ ಇತ್ತು. ಟೀವಿಯ ಮೇಲೆ ನೆಟ್ಟಿನ ಗೆರೆಗಳು ತುಂಬಿ ನಿಂತಿದ್ದವು. "ಛಲೋ ಐತಲ್ರಿ ಅಕ್ಕಾರ" ಎಂದು ಚಹಾ ಕುಡಿದು ಹೋದ. ಅವನು ಹೋಗಿ ಒಂದೆರಡು ದಿನಕ್ಕೆ ನೆಟ್ಟು ಮತ್ತೆ ಹೋಯಿತು. ಮತ್ತೆ ದೂರು, ಮತ್ತೆ ನಾಲ್ಕೈದು ದಿನ, ಮತ್ತೆ ವಿನೋದ, ಮತ್ತೆ ಎಲ್ಲ ಸರಿ. ಡಾಕ್ಟರು ಬಂದಾಗ ಜ್ವರ ಇಳಿದು, ಅವರು ಹೊಸ್ತಿಲು ದಾಟಿದ ಮೇಲೆ ಏರುವ ಕೂಸಿನ ಹಾಗೆ.

"ನಿಮ್ಮ ಮನ್ಯಾಗ ಏನರ ದೃಷ್ಟಿ ಆಗೈತೇನ್ರಿ?" ಎಂದು ಮೂರನೆಯ ಸಲ ಅವನೇ ತಲೆ ಕೆರೆದುಕೊಂಡ. ಆಯಿ ಅದನ್ನು ಖರೇ ಎಂದೇ ತಿಳಿದು, ಅವತ್ತು ಸಂಜೆ ಬಿಳಿ ಡಬ್ಬಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದ್ದೊಂದೇ ಬಂತು.

ಅಷ್ಟರಲ್ಲಿ ಊರಿಗೆ ನೀರು ತರುವ ದೊಡ್ಡ ಪೈಪು ಎಲ್ಲೋ ಒಡೆಯಿತು. ವಾರಕ್ಕೊಮ್ಮೆ ಬರುವ ನಳ ಎರಡು ವಾರವಾದರೂ ಬರಲಿಲ್ಲ. ಡ್ರಮ್ಮುಗಳ ತಳದಲ್ಲಿ ಚರಿಗೆ ಕೆರೆಯುವ ಸದ್ದು ಶುರುವಾಯಿತು. ಅವ್ವ ಕೊಡಗಳನ್ನೆಲ್ಲ ಬೋರಲು ಹಾಕಿ ಹಿತ್ತಲಲ್ಲಿ ಒಣಗಲು ಬಿಟ್ಟಳು. ಒಂದು ನೀರಿನಲ್ಲಿ ಅಕ್ಕಿ ತೊಳೆದು, ಅದರಲ್ಲೇ ಪಾತ್ರೆ ಗಲಬರಿಸಿ, ಅದನ್ನೇ ಕರಿಬೇವಿನ ಗಿಡಕ್ಕೆ ಹಾಕುವ ದಿನಗಳು. ಮನೆಯಲ್ಲಿ ಎಲ್ಲರ ಮಾತೂ ಕಡಿಮೆಯಾಗಿ, ಎಲ್ಲರೂ ದಾಕ್ಷಾಯಿಣಿಯಾಗಿದ್ದರು.

ಅವಳೊಬ್ಬಳು ಮಾತ್ರ ಅರಳಿದ್ದಳು. ನೆಟ್ಟು ಒಂದು ದಿನವೂ ಕೈಕೊಡಲಿಲ್ಲ. ದಿನಾ ಸಂಜೆ ಹಸಿರು ಗಾಡಿ, ಕೆಂಪು ಗಾಡಿ. ಚಾಪೆಯ ಮೇಲೆ ಕುಳಿತರೆ, ಕೊಡಗಳಿಲ್ಲದೆ ಬರಿದಾದ ಕಟ್ಟಿಗೆಯ ಮಾಡದ ಕಂಡಿಯಿಂದ ಪಡಸಾಲೆಯ ಮೋಡೆಮಿನ ಹಸಿರು ದೀಪವೂ ಅಲ್ಲಿಂದಲೇ ಕಾಣುತ್ತಿತ್ತು, ಮಿಣಿಮಿಣಿ.

"ಊರಿಗೆ ಊರೇ ನೀರಿಲ್ದ ಒದ್ದಾಡಾಕತ್ತೈತಿ" ಎಂದಳು ಆಯಿ, "ಇಕಿ ಮಾರಿ ನೋಡ್ರಿ, ಹುಣ್ಣಿಮಿ ಚಂದ್ರಾಮ."

ಇದ್ದದ್ದನ್ನು ಇದ್ದ ಹಾಗೆ ಅಂದಿದ್ದಳು. ಆದರೂ ಅದೇಕೆ ಹಾಗೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಗುರುವಾರ ಸಿತಾರಾಳ ಫೋನು ಬಂತು. ಈ ಸಲ ನಗುವಿರಲಿಲ್ಲ. "ಶನಿವಾರ ಮುಂಜಾನೆ ದವಾಖಾನಿಗೆ ಬಾ ಅಂದಾರ. ಕೂಸಿನ ಎದಿ ಬಡಿತ ಯಾಕೋ ಬರೋಬರಿ ಇಲ್ಲಂತ. ಆಪರೇಶನ್ ಮಾಡಿ ತಗೀತಾರ. ಅಂಜಿಕಿ ಬಂದೈತಿ ದಾಕ್ಷಾ. ಇವರ ಮುಂದ ಹೇಳಂಗಿಲ್ಲ, ಇವರು ನನಗಿಂತಾ ಅಂಜ್ಯಾರ. ಅಬ್ಬಾನ ಮುಂದಂತೂ ಬಾಯಿ ಬಿಡಬ್ಯಾಡ. ನಾಳೆ ಸಂಜಿಕ ಬಾ. ನನಗ ನಿದ್ದಿ ಬರೂತನಕಾ ಆಡೂಣು. ನಡುಕ ಬಿಟ್ಟು ಹೋಗಬ್ಯಾಡಲೇ."

"ಇಲ್ಲ" ಎಂದಳು ದಾಕ್ಷಾಯಿಣಿ. "ಬಿಟ್ಟು ಹೋಗಂಗಿಲ್ಲ."

ಶುಕ್ರವಾರ ಸಂಜೆ ಅವಳು ಬೇಗ ಮುಖ ತೊಳೆದು ಕುಳಿತಳು. ಕೆಂಪು ಗಾಡಿ ಆಗಲೇ ಬಂದು ಕಾಯುತ್ತಿತ್ತು. ಒಂದು ಆಟ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಿರಬೇಕು, ಹೊರಗೆ ಓಣಿಯ ತುದಿಯಿಂದ ಕೂಗು ಕೇಳಿಸಿತು.

"ನಳ ಬಂದಾವ್ರೋ! ನಳ ಬಂದಾವ!"

ಆ ಕೂಗಿಗೆ ಹುಬ್ಬಳ್ಳಿಯಲ್ಲಿ ಹೆಣವೂ ಎದ್ದು ಕೊಡ ಹಿಡಿಯುತ್ತದೆ ಎನ್ನುತ್ತಾರೆ. ಅಪ್ಪ ಕತ್ತರಿಸಿಟ್ಟ ಅಡಿಕೆಯನ್ನು ಬಾಯಿಗೂ ಹಾಕದೆ ಎದ್ದ. ಅವ್ವ ಸೆರಗು ಸಿಕ್ಕಿಸಿದಳು. ಅಂಗಳದ ತಗ್ಗಿನಲ್ಲಿದ್ದ ನಳಕ್ಕೆ ಪೈಪು ಬಿತ್ತು. ಆಯಿ ಗೋಡೆ ಹಿಡಿದು ಸಂದಿಯಲ್ಲಿ ನಿಂತು ಆಳತೊಡಗಿದಳು. "ಮದ್ಲ ಹಂಡೆ! ಡ್ರಮ್ಮು ಆಮ್ಯಾಲೆ. ದಾಕ್ಷಾನ ಕರೀಬ್ಯಾಡ್ರಿ, ಅಕಿ ಸಿತಾರಾನ ಕೂಡ ಅದಾಳ."

ದಾಕ್ಷಾಯಿಣಿಯ ಎದೆ ಆ ಒಂದು ಮಾತಿಗೆ ತುಂಬಿತು. ಸಂದಿಯಲ್ಲಿ ಡ್ರಮ್ಮುಗಳೂ ತುಂಬುತ್ತಿದ್ದವು. ತಳದಲ್ಲಿ ಗುಡುಗುವ ನೀರು ಮೇಲೇರಿದಂತೆ ದನಿ ಸಣ್ಣದಾಗುತ್ತ ಹೋಗುವುದು ಕೇಳುತ್ತಿತ್ತು. ಒಂದು ಆಯಿತು. ಇನ್ನೊಂದು ಆಯಿತು. ಟೀವಿಯ ಮೇಲೆ ಕೆಂಪು ಗಾಡಿ ಬಿಕ್ಕಳಿಸಿತು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಹಾರಿ, ಸೇತುವೆಯ ನಡುವೆ ನಿಂತಿತು. ಆಮೇಲೆ ಸೇತುವೆಯೂ ಇಲ್ಲ, ಗಾಡಿಯೂ ಇಲ್ಲ. ಅದೇ ಇಂಗ್ಲಿಷು ಸಾಲು.

ಮತ್ತೆ ಹಚ್ಚಿದಳು. ಆಗಲಿಲ್ಲ. ಮತ್ತೆ. ಮೋಡೆಮಿನ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಕುಳಿತಲ್ಲಿಂದಲೇ ತಿರುಗಿ ನೋಡಿದಳು.

ದೀಪ ಕಾಣಲಿಲ್ಲ. ದೀಪ ಕಾಣುತ್ತಿದ್ದ ಕಂಡಿಯಲ್ಲಿ ಈಗ ತುಂಬಿದ ಕೊಡಗಳು ಭುಜಕ್ಕೆ ಭುಜ ಹಚ್ಚಿ ಕುಳಿತಿದ್ದವು. ಕೆಳಗೆ ಡ್ರಮ್ಮುಗಳು, ಕಂಠಮಟ್ಟ. ಹಂಡೆ. ಒಂದು ಗೋಡೆಯೇ ಎದ್ದಿತ್ತು, ನೀರಿನ ಗೋಡೆ.

ಅವಳು ಅದನ್ನೇ ನೋಡುತ್ತ ನಿಂತಳು. ಎರಡು ವಾರ ನೀರು ಇರಲಿಲ್ಲ, ನೆಟ್ಟು ಇತ್ತು. ವಿನೋದ ಬರುತ್ತಿದ್ದದ್ದು ಯಾವಾಗಲೂ ನಳ ಬಂದ ನಾಲ್ಕೈದು ದಿನದ ಮೇಲೆ, ಡ್ರಮ್ಮು ತಳ ಕಂಡಾಗ. ಹಂಡೆಯ ಹಿಂದೆ ಗೊರಗೊರ ಎನ್ನುವ ರೇಡಿಯೋ. ನೂರು ಸಲ ಕೇಳಿದ ಬೈಗುಳ ನೂರಾ ಒಂದನೆಯ ಸಲಕ್ಕೆ ಅರ್ಥವಾಯಿತು.

ಅರ್ಥವಾದರೆ ಮುಗಿಯಿತೇ? ಅದನ್ನು ಹೇಳಬೇಕಲ್ಲ. ಎರಡು ವಾರಕ್ಕೆ ಬಂದ ನೀರು. ಅಂಗಳದಲ್ಲಿ ಅವ್ವ ಇಷ್ಟು ದಿನದ ಮೇಲೆ ನಗುತ್ತಿದ್ದಳು, ಸುಮ್ಮನೆ ಕೈಯನ್ನು ಧಾರೆಯ ಕೆಳಗೆ ಹಿಡಿದು. ಅಪ್ಪ ಕೊನೆಯ ಕೊಡ ಹೊತ್ತು ಬರುತ್ತಿದ್ದ. ನಳದ ತಗ್ಗಿನ ಬಾಜೂಕೆ ಹುಸೇನಬಾಷಾ ಖಾಲಿ ಕೊಡ ಹಿಡಿದು ನಿಂತಿದ್ದ; ಅವನ ಮನೆ ಸಾಲಿನ ಕೊನೆಗೆ, ಅವನ ನಳದಲ್ಲಿ ಗಾಳಿ ಬಿಟ್ಟರೆ ಏನೂ ಬರುವುದಿಲ್ಲ, ಇವರದು ತುಂಬಿದ ಮೇಲೆ ಉಳಿದರೆ ಅವನಿಗೆ. ಇವರೆಲ್ಲರ ನಡುವೆ ನಿಂತು ನೀರು ಬೇಡ ಎನ್ನುವುದು ಹೇಗೆ?

ಮಾತು ಹೊಸ್ತಿಲ ತನಕ ಬಂದು ನಿಂತಿತು. ದಮ್ಮಾಮಿನಲ್ಲಿ ಒಬ್ಬಳು ಖಾಲಿ ರಸ್ತೆ ನೋಡುತ್ತ ಮಲಗಿದ್ದಳು.

"ಆಯಿ" ಎಂದಳು. ಯಾರಿಗೂ ಕೇಳಲಿಲ್ಲ.

"ಆಯೀ!"

ಓಣಿಯ ನಳದ ಮುಂದಿದ್ದವರೂ ತಿರುಗಿ ನೋಡಿದರು. ಅಪ್ಪನ ಹೆಗಲ ಮೇಲಿನ ಕೊಡ ತುಳುಕಿತು.

"ಏನಬೇ, ಹಾವು ಕಂಡ್ತೇನು?" ಎಂದಳು ಆಯಿ.

"ಈ ನೀರು ಇಲ್ಲೆ ಬ್ಯಾಡ ಆಯಿ. ಇವು ತುಂಬಿದ್ರ ನೆಟ್ ಒಳಗ ಬರವಲ್ದು. ಖಾಲಿ ಇದ್ದಾಗ ಬರ್ತಿತ್ತು. ನಿನ್ನ ರೇಡಿಯೋ ಹಂಡೆ ಹಿಂದ ಇಟ್ರ ಗೊರಗೊರ ಅಂತೈತಲ್ಲ, ಹಂಗ." ಒಮ್ಮೆ ಹೊರಬಿದ್ದ ಮಾತು ಈಗ ಅವಳ ಕೈಗೂ ಸಿಗಲೊಲ್ಲದು. "ಅಲ್ಲೆ ಸಿತಾರಾ ಒಬ್ಬಾಕಿನ ಅದಾಳ. ನಾಳೆ ಅಕಿಗೆ ಆಪರೇಶನ್ ಐತಿ. ಅಂಜ್ಯಾಳ ಆಯಿ. ನಡುಕ ಬಿಟ್ಟು ಹೋಗಂಗಿಲ್ಲ ಅಂತ ನಾ ಮಾತು ಕೊಟ್ಟೀನಿ."

ಹೇಳಿದ ಮೇಲೆ ನೆನಪಾಯಿತು, ಯಾರ ಮುಂದೆ ಹೇಳಬಾರದಿತ್ತು ಎಂದು. ಹುಸೇನಬಾಷಾ ಕೊಡವನ್ನು ಮೆಲ್ಲಗೆ ನೆಲಕ್ಕೆ ಇಟ್ಟಿದ್ದ.

"ಆಪರೇಶನ್?" ಎಂದ. "ನನಗ ಎಲ್ಲಾ ಛಲೋ ಐತಿ ಅಂದ್ಲಲ್ಲ."

ಪೈಪಿನ ನೀರು ತನ್ನಷ್ಟಕ್ಕೆ ಅಂಗಳದಲ್ಲಿ ಹರಿಯತೊಡಗಿತು. ಆ ಮನೆಯಲ್ಲಿ ಎಂದೂ ಹಾಗೆ ಹರಿದದ್ದಿಲ್ಲ. ಅವ್ವ ಓಡಿ ಅದಕ್ಕೊಂದು ಬಕೀಟು ಹಿಡಿದಳು. "ಇಷ್ಟು ದಿನಕ್ಕ ಬಂದಾವಲ್ಲವಾ..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು.

ಆಯಿ ತನ್ನ ಸಾಲನ್ನು ಒಮ್ಮೆ ಆ ತುದಿಯಿಂದ ಈ ತುದಿಯ ತನಕ ನೋಡಿದಳು. ಹಂಡೆಯ ಕಂಠವನ್ನು ಅಂಗೈಯಿಂದ ಸವರಿದಳು.

"ಗುರುಸಿದ್ದಾ" ಎಂದಳು. "ಈ ಹುಡುಗಿ ಹುಟ್ಟಿದಾಗಿಂದ ನನ್ನ ಕಡೆ ಒಂದು ಹಬ್ಬಕ್ಕ ಉಡಾಕ ಪರಕಾರ ಬೇಡಿಲ್ಲ. ಬಾಯಿ ಬಿಟ್ಟು ಬೇಡಿದ್ದು ಇವತ್ತ. ಇಳಿಸು ಕೊಡಾ."

"ಇಷ್ಟೆಲ್ಲಾ ಎಲ್ಲಿ ಚೆಲ್ಲಬೇಕಬೇ ಯವ್ವಾ?"

"ಚೆಲ್ಲಾಕ ನಿನಗ ಹುಚ್ಚು ಹಿಡದೈತೇನು? ಬಾಷಾನ ಮನಿ ಡ್ರಮ್ಮು ಬಾಯಿ ತಕ್ಕೊಂಡು ಕುಂತಾವ. ಅಲ್ಲೆ ತುಂಬ್ರಿ."

"ಅವ್ವಾರ, ಬ್ಯಾಡ್ರಿ" ಎಂದ ಹುಸೇನಬಾಷಾ. "ನೀವು ಉಣ್ಣಾಕ ಏನ ಮಾಡ್ತೀರಿ? ವಾರಗಟ್ಲೆ..."

"ನೀರೇನು ಕಾಶಿಗೆ ಹೊಂಟಾವೇನೋ? ಬಾಜೂಮನಿಗೆ ಹೊಂಟಾವ. ನನಗ ಬೇಕಾದ್ರ ಚರಗಿ ತಗೊಂಡು ನಿನ್ನ ಮನಿಗೆ ಬರ್ತೀನಿ. ಬಾಗಲಾ ತಗದಿಡು."

"ನಿಮ್ಮ ಮೊಣಕಾಲು..."

"ನನ್ನ ಮೊಣಕಾಲು ನನಗ ಗೊತ್ತಿಲ್ಲೇನು? ಅವಕ್ಕೂ ನಾಲ್ಕ ಮನಿ ಸುದ್ದಿ ಬೇಕಾಗೈತಿ. ಹಿಡಿ ಕೊಡಾ, ಮಾರಿ ಏನ ನೋಡ್ತಿ. ನಿನ್ನ ಮಗಳು ಅಲ್ಲೆ ಕಾಯಾಕತ್ತಾಳ."

ಆಮೇಲೆ ನಡೆದದ್ದನ್ನು ದಾಕ್ಷಾಯಿಣಿ ಮುಂದೆ ಎಷ್ಟೋ ಸಲ ನೆನೆದಳು. ಅಪ್ಪ ಡ್ರಮ್ಮಿನಿಂದ ಮೊಗೆದ, ಅವ್ವ ಹೊಸ್ತಿಲಲ್ಲಿ ಹಿಡಿದಳು, ಓಣಿಯ ಹೆಂಗಸರು ತಮ್ಮ ನಳ ಬಿಟ್ಟು ಬಂದು ನಡುವೆ ನಿಂತರು. ಕೊಡ ಕೈಯಿಂದ ಕೈಗೆ ದಾಟಿ ಹುಸೇನಬಾಷಾನ ಬಾಗಿಲು ಹೊಕ್ಕಿತು. ಸಿತಾರಾ ಹುಟ್ಟಿ ಬೆಳೆದ ಮನೆಯ ಡ್ರಮ್ಮುಗಳು ತುಂಬತೊಡಗಿದ ಸದ್ದು ಈಗ ಗೋಡೆಯಾಚೆಯಿಂದ ಬರುತ್ತಿತ್ತು. "ಮೂಕಬಸವಿ ಒದರಿದ್ಲಂದ್ರ ಮಳಿ ಆಗ್ತೈತಿ ನೋಡ್ರಿ ಇವತ್ತ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ಹುಸೇನಬಾಷಾನೊಬ್ಬನನ್ನು ಬಿಟ್ಟು. ಅವನು ಕೊಡ ಹೊತ್ತು ಓಡಾಡುತ್ತಿದ್ದ. ಕೆಲಸಕ್ಕೆ ಕೈ ಹಾಕಲು ಹೋದ ದಾಕ್ಷಾಯಿಣಿಯನ್ನು ಆಯಿ ಒಳಕ್ಕೆ ನೂಕಿದಳು. "ನೀ ಕುಂದ್ರ ಹೋಗು. ನಿನ್ನ ಕೆಲಸ ಅಲ್ಲೈತಿ."

ಕೊಡಗಳು ಇಳಿದವು, ಕಂಡಿಯಲ್ಲಿ ಹಸಿರು ದೀಪ ಮಿಣುಕಿತು. ಒಂದು ಡ್ರಮ್ಮು ಅರ್ಧವಾಯಿತು, ಟೀವಿಯ ಮೇಲೆ ಒಂದು ಗೆರೆ ಎದ್ದಿತು. ಹಂಡೆಯನ್ನು ಅಪ್ಪ ಮತ್ತು ಹುಸೇನಬಾಷಾ ಇಬ್ಬರೂ ಕೂಡಿ ಎತ್ತಿಕೊಂಡು ಹೋದಾಗ ಇನ್ನೊಂದು. ಅವಳು ಉಸಿರು ಹಿಡಿದು ಹೆಸರುಗಳ ಪಟ್ಟಿ ತೆರೆದಳು. ಪಟ್ಟಿಯೆಂದರೆ ಅದರಲ್ಲಿ ಇದ್ದದ್ದು ಒಂದೇ ಹೆಸರು. ಅದು ಬೆಳಗುತ್ತಿತ್ತು. ಸಿತಾರಾ ಹೋಗಿರಲಿಲ್ಲ.

ಹೊರಗೆ "ನಳ ಹೋದುವ್ರೋ" ಎಂಬ ಕೂಗು ಬಂತು. ಅವ್ವನ ನಿಟ್ಟುಸಿರು ಕೇಳಿಸಿತು, ಅದರ ಹಿಂದೆಯೇ ಆಯಿಯ ದನಿ, "ಹೋದ್ರ ಹೋಗ್ಲಿ ಬಿಡವಾ. ನಮ್ಮ ನೀರು ಎಲ್ಲಿ ಅದಾವಂತ ನಮಗ ಗೊತ್ತೈತಿ."

ರಸ್ತೆ ತೆರೆಯಿತು. ಕೆಂಪು ಗಾಡಿ ಬಂದು ಹಸಿರು ಗಾಡಿಗೆ ಡಿಕ್ಕಿ ಹೊಡೆಯಿತು, ಸಿಟ್ಟಿನಿಂದ, ಒಮ್ಮೆ, ಎರಡು ಸಲ. ಆಮೇಲೆ ಎಡಕ್ಕೂ ಬಲಕ್ಕೂ ಓಲಾಡಿತು. ದಾಕ್ಷಾಯಿಣಿಯ ಕಣ್ಣು ಮಂಜಾಗಿ ಮೊದಲ ತಿರುವಿನಲ್ಲೇ ಗಾಡಿ ಹುಲ್ಲಿಗೆ ಇಳಿಯಿತು. ಕೆಂಪು ಗಾಡಿ ಮುಂದೆ ಕಾದು ನಿಂತಿತು.

ಹೀಗೆ ಎಷ್ಟೋ ಆಟ ಆದವು. ಬಾಗಿಲಲ್ಲಿ ಯಾರೋ ಬಂದು ನಿಂತಂತಾಯಿತು. ಹುಸೇನಬಾಷಾ. ಲುಂಗಿ ಮೊಣಕಾಲಿನ ತನಕ ತೊಯ್ದಿತ್ತು. ಒಳಗೆ ಬರಲು ಅನುಮಾನಿಸಿ ಚೌಕಟ್ಟು ಹಿಡಿದು ನಿಂತಿದ್ದ.

"ಇದರಾಗ ನಮ್ಮಾಕಿ ಎಲ್ಲೆದಾಳವಾ?"

"ಆ ಕೆಂಪು ಗಾಡಿ, ಕಾಕಾ."

ಅವನು ಮೆಲ್ಲಗೆ ಬಂದು ಚಾಪೆಯ ತುದಿಗೆ ಕುಳಿತ. ಬೊಂಬೆಯಂಥ ಆ ಕೆಂಪು ಗಾಡಿ ಗುಡ್ಡ ಹತ್ತುವುದನ್ನು, ಇಳಿಯುವುದನ್ನು, ತಿರುವಿನಲ್ಲಿ ವಾಲುವುದನ್ನು ಕಣ್ಣು ಮಿಟುಕಿಸದೆ ನೋಡಿದ. ಮಗಳನ್ನು ನೋಡಿ ಎರಡು ವರ್ಷದ ಮೇಲಾಗಿತ್ತು.

"ಸಾವಕಾಶ ನಡಸು ಅನ್ನವಾ ಅಕಿಗೆ" ಎಂದ. "ಹೊಟ್ಟ್ಯಾಗ ಕೂಸು ಐತಿ."

ಹೇಳಲು ದಾರಿಯಿರಲಿಲ್ಲ, ಆ ಡಬ್ಬಿಯಲ್ಲಿ ಮಾತು ಹೋಗುತ್ತಿರಲಿಲ್ಲ. ದಾಕ್ಷಾಯಿಣಿ ತಾನೇ ವೇಗ ಇಳಿಸಿದಳು. ಕೆಂಪು ಗಾಡಿ ಮುಂದೆ ಹೋದದ್ದು, ಹಿಂದೆ ಯಾರೂ ಇಲ್ಲವೆಂದು ತಿಳಿದು ಅದೂ ನಿಧಾನವಾಯಿತು. ಎರಡೂ ಜೊತೆಗೂಡಿ, ಸಂತೆಯಿಂದ ಮರಳುವ ಚಕ್ಕಡಿಗಳ ಹಾಗೆ, ಆ ರೇಸಿನ ರಸ್ತೆಯ ಮೇಲೆ ನಡೆದುಕೊಂಡು ಬಂದವು. ಹುಸೇನಬಾಷಾನ ಹೆಗಲು ಸಡಿಲಾಯಿತು.

ಕೊನೆಯ ತಿರುವು ದಾಟಿದಾಗ ಕೆಂಪು ಗಾಡಿ ಹಿಂದೆ ಬೀಳತೊಡಗಿತು. ಒಂದಿಷ್ಟು ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಅಲ್ಲಿ ಸಿತಾರಾಳ ಕಣ್ಣಿಗೆ ನಿದ್ದೆ ಇಳಿಯುತ್ತಿತ್ತು. ದಾಕ್ಷಾಯಿಣಿ ಮುಗಿಯುವ ಗೆರೆಯ ಮುಂದೆ ಬಂದು ಮುಟ್ಟಿದ್ದಳು. ಇಷ್ಟು ವರ್ಷದಲ್ಲಿ ಅಲ್ಲಿಗೆ ಅವಳು ಮೊದಲು ಬಂದದ್ದೇ ಇಲ್ಲ. ಅವಳು ಗಾಡಿಯನ್ನು ನಿಲ್ಲಿಸಿದಳು.

ಆಯಿ ಗೋಡೆ ಹಿಡಿದು, ಖಾಲಿ ಸಂದಿ ದಾಟಿ, ಬಾಷಾನ ಮನೆಯಿಂದ ತಂದ ಒಂದು ಚರಿಗೆ ನೀರಿನೊಂದಿಗೆ ಬಂದಳು. ಎಲ್ಲರಿಗಿಂತ ಮೊದಲು ಅದನ್ನು ಮೊಮ್ಮಗಳ ಕೈಗೆ ಕೊಟ್ಟು ಟೀವಿ ನೋಡಿದಳು.

"ಗೆದ್ದು ಬಿಟ್ಟಿ ಅಲ್ಲಬೇ? ಮತ್ತ ಯಾಕ ನಿಂತೀ?"

ದಾಕ್ಷಾಯಿಣಿ ನೀರು ಕುಡಿದಳು. ತಣ್ಣಗಿತ್ತು.

"ಸಿತಾರಾ ಬರಬೇಕು, ಆಯಿ" ಎಂದಳು.